ನೋಜಿಮಾ ಬಿರುಕಿನ ಮ್ಯೂಸಿಯಂ: ಗುಂಡಿಯ ಹತ್ತಿರ ಜಾಸ್ತಿ ಹೊತ್ತು ನಿಲ್ಲಿ

ಮಗಳು ಜಪಾನಿನ ಕೋಬೆಯಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋದಾಗ ಗುಡಿ, ಬಂದರು, ಅಂಗಡಿಬೀದಿ ಎಲ್ಲ ತೋರಿಸಿದಳು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಅವಾಜಿ ದ್ವೀಪದ ಈ ಮ್ಯೂಸಿಯಂ.

ಅಲ್ಲಿಗೆ ಅಕಾಶಿ ಸೇತುವೆ ದಾಟಿ ಹೋಗಬೇಕು. ಸೇತುವೆ ಇನ್ನೂ ಕಟ್ಟುತ್ತಿದ್ದಾಗಲೇ 1995ರ ಜನವರಿ 17ರ ಭೂಕಂಪ ಆಯಿತಂತೆ. ಎರಡು ಗೋಪುರಗಳ ನಡುವಿನ ಅಂತರ ಸುಮಾರು ಒಂದು ಮೀಟರ್ ಹೆಚ್ಚಿತಂತೆ. ಮಗಳು ಇದನ್ನು ಸರಿಯಾಗಿ ಸೇತುವೆಯ ಮಧ್ಯದಲ್ಲೇ ಹೇಳಬೇಕಿತ್ತಾ? ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.

ಆವತ್ತು ನೆಲ ಸೀಳಿದ ಗುರುತಿನಲ್ಲಿ 140 ಮೀಟರ್ ಉದ್ದವನ್ನು ಹಾಗೇ ಉಳಿಸಿ, ಮೇಲೆ ಸೂರು ಹಾಕಿ, 1998ರಲ್ಲಿ ಮ್ಯೂಸಿಯಂ ಮಾಡಿದ್ದಾರೆ. ಸ್ಕೂಲಿನ ಪುಸ್ತಕದಲ್ಲಿ ಸ್ತರಭಂಗ ಅನ್ನುತ್ತಿದ್ದರಲ್ಲ, ಅದೇ ಇದು. ನೇರ ಇದ್ದ ಚರಂಡಿ ನಡುವೆ ತುಂಡಾಗಿ ಬಲಕ್ಕೆ ಸರಿದಿದೆ. ಬೇಲಿಯ ಗಿಡಗಳ ಸಾಲೂ ಹಾಗೇ. ಜನ ಇಲ್ಲೇ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ಆದರೆ ಟಿಕೆಟಿನ ದುಡ್ಡು ವಸೂಲಾಗುವುದು ಗುಂಡಿಯ ಹತ್ತಿರ. ಬಿರುಕಿಗೆ ಅಡ್ಡಲಾಗಿ ನೆಲ ತೋಡಿ, ಗೋಡೆ ಕಾಣುವ ಹಾಗೆ ಬಿಟ್ಟಿದ್ದಾರೆ. ನಮ್ಮಪ್ಪ ಆಳಂದದ ಕಡೆ ಬಾವಿ ತೋಡುತ್ತಿದ್ದರು. ಬಾವಿಯ ಗೋಡೆ ನೋಡುತ್ತಲೇ ಬೆಳೆದವನು ನಾನು. ಮೇಲೆ ಎರೆಮಣ್ಣು, ಕೆಳಗೆ ಗರಸು, ಆಮೇಲೆ ಕಲ್ಲು. ಬಾವಿಯ ಸುತ್ತ ಕಣ್ಣಾಡಿಸಿದರೂ ಪದರು ತಪ್ಪುತ್ತಿರಲಿಲ್ಲ. ಇಲ್ಲಿ ತಪ್ಪುತ್ತದೆ. ಒಂದು ಪದರನ್ನು ಗುರುತು ಹಿಡಿದು ಹೋದರೆ, ಓರೆಯಾದ ಒಂದು ಗೆರೆಯ ಹತ್ತಿರ ಮುಗಿದೇ ಹೋಗುತ್ತದೆ. ಗೆರೆಯ ಆಚೆ ಬೇರೆಯೇ ಮಣ್ಣು. ಗುಡ್ಡದ ಕಡೆಯ ನೆಲ ಎದ್ದು ನಿಂತಿದೆ.

ಇಂಥ ಗುಂಡಿಯ ಲೆಕ್ಕ ಮಗಳು ಬಿಡಿಸಿ ಹೇಳಿದಳು. ಬಿರುಕು ಸೀಳಿದ ಪದರು ಭೂಕಂಪಕ್ಕಿಂತ ಹಳೆಯದು. ಅದರ ಮೇಲೆ ಏನೂ ಆಗದ ಹಾಗೆ ಮಲಗಿರುವ ಪದರು ಆಮೇಲೆ ಬಂದು ಕೂತದ್ದು. ಎರಡರಲ್ಲೂ ಸಿಕ್ಕ ಇದ್ದಿಲ ಚೂರಿನ ಕಾರ್ಬನ್ ಅಳೆದು ಅದರ ವಯಸ್ಸು ಕಂಡುಕೊಂಡರೆ, ನೆಲ ಅಲುಗಿದ್ದು ಯಾವಾಗಿನಿಂದ ಯಾವಾಗಿನ ಒಳಗೆ ಎಂದು ತಿಳಿಯುತ್ತದೆ. ಕೆಳಗಿನ ಪದರು ಮೇಲಿನದಕ್ಕಿಂತ ಜಾಸ್ತಿ ಸರಿದಿದ್ದರೆ ಅದು ಒಂದಲ್ಲ, ಹೆಚ್ಚು ಸಲ ಏಟು ತಿಂದಿದೆ ಅಂತ. ಈ ಬಿರುಕಿನಲ್ಲಿ ಅಲ್ಲಲ್ಲಿ ಹೀಗೆ ತೋಡಿ ನೋಡಿದಾಗ, 1995ಕ್ಕೆ ಮುಂಚೆ ಇದು ಅಲುಗಿದ್ದು ಸುಮಾರು 2000 ವರ್ಷದ ಹಿಂದೆ ಎಂದು ಗೊತ್ತಾಯಿತು. ಅಷ್ಟು ಕಾಲ ಮೇಲೆ ಉತ್ತುಬಿತ್ತಿದವರಿಗೆ ಯಾರು ಹೇಳಬೇಕಿತ್ತು?

ಪಕ್ಕದಲ್ಲೇ ಬಿರುಕಿನ ಅಂಚಿನಲ್ಲಿದ್ದ ಒಂದು ಮನೆ ಇದೆ. ಗಟ್ಟಿ ಕಟ್ಟಿದ ಮನೆ, ಬೀಳಲಿಲ್ಲ. ಅಡುಗೆಮನೆಯನ್ನು ಮಾತ್ರ ಆವತ್ತಿನ ಹಾಗೆ ಚೆಲ್ಲಾಪಿಲ್ಲಿ ಮಾಡಿ ಇಟ್ಟಿದ್ದಾರೆ. ಭೂಕಂಪದ ಅನುಭವ ಕೊಡುವ ಯಂತ್ರವೂ ಇದೆ. ಮಗಳು ಹತ್ತಿದಳು. ನಾನು ಹತ್ತಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಮಲಗಿದ್ದಾಗ, ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪಕ್ಕೆ ನಮ್ಮ ಮನೆಯ ಮಾಡದಲ್ಲಿದ್ದ ಚೆಂಬು ನನ್ನ ಹಾಸಿಗೆ ಮೇಲೆ ಬಿದ್ದಿತ್ತು. ನನಗೆ ಅಷ್ಟು ಅನುಭವ ಸಾಕು.

ಎರಡು ತಾಸು ಇಟ್ಟುಕೊಂಡು ಹೋಗಿ. ಬಸ್ಸಿನ ವೇಳೆ ಮೊದಲೇ ನೋಡಿಕೊಳ್ಳಿ. ನಾನು ಗುಂಡಿಯ ಮುಂದೆಯೇ ಮುಕ್ಕಾಲು ತಾಸು ನಿಂತುಬಿಟ್ಟೆ. "ಅಪ್ಪಾ, ಬಸ್ಸು ಹೋಯ್ತು" ಅಂದಳು ಮಗಳು. ಮುಂದಿನದಕ್ಕೆ ಕಾಯುತ್ತಾ ಉಳ್ಳಾಗಡ್ಡಿ ಕೊಂಡೆವು. ಅವಾಜಿ ಉಳ್ಳಾಗಡ್ಡಿಗೆ ಜಪಾನಿನಲ್ಲಿ ದೊಡ್ಡ ಹೆಸರು. ಸಿಹಿ ಇದೆ, ಖಾರವೇ ಇಲ್ಲ. ಜೋಳದ ರೊಟ್ಟಿ ಜೊತೆ ಕಡಿಯಲು ನಡೆಯುವುದಿಲ್ಲ. ಪಲ್ಯಕ್ಕಾದರೆ ಪರವಾಗಿಲ್ಲ.