ಆ್ಯಪಲ್ ಬೇರ್ ಅಂತ ಕೊಟ್ಟರು, ಬೆಳೆದಿದ್ದು ಕಾಡು ಎಲಚಿ

ಶಿರಾ, ಮಧುಗಿರಿ, ಪಾವಗಡ ಕಡೆಯವರು ಈ ಮಳೆಗಾಲಕ್ಕೆ ಆ್ಯಪಲ್ ಬೇರ್ ಅನ್ನುವ ದೊಡ್ಡ ಹಣ್ಣಿನ ಎಲಚಿ ತಳಿ ಹಾಕೋಣ ಅಂದುಕೊಂಡಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. ಗಾಡಿಯಲ್ಲಿ ಊರೂರಿಗೆ ಸಸಿ ತಂದು ಮಾರುವವರಿಂದ ನಮ್ಮ ಮನೆಯಲ್ಲಿ ಕೊಂಡ ಸಸಿಗಳಲ್ಲಿ ಮುಕ್ಕಾಲು ಪಾಲು ಈಗ ಮುಳ್ಳಿನ ಪೊದೆಯಾಗಿ ನಿಂತಿವೆ.

ಬೆಳೆಯದ್ದೇನೂ ತಪ್ಪಿಲ್ಲ. ಎಲಚಿ ನಮ್ಮ ನೆಲದ್ದೇ ಗಿಡ. ಬದುವಿನಲ್ಲಿ, ಕೆರೆ ಏರಿಯಲ್ಲಿ ಯಾರೂ ನೀರು ಹಾಕದಿದ್ದರೂ ಬೆಳೆಯುತ್ತದೆ. ಸಂಕ್ರಾಂತಿಗೆ ಮಕ್ಕಳ ತಲೆ ಮೇಲೆ ಎರೆಯುವುದು ಇದೇ ಹಣ್ಣನ್ನು ಅಲ್ವಾ? ತಾಯಿಬೇರು ಆಳಕ್ಕೆ ಇಳಿಯುತ್ತದೆ. ಕಡು ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ನೆ ನಿಂತುಬಿಡುತ್ತದೆ. ಈ ಗಟ್ಟಿತನ ನೋಡಿಯೇ ನರ್ಸರಿಯವರು ಕಾಡು ಎಲಚಿ ಬೀಜದಿಂದ ಸಸಿ ಎಬ್ಬಿಸಿ, ಅದಕ್ಕೆ ದೊಡ್ಡ ಹಣ್ಣಿನ ತಳಿಯ ಕಣ್ಣು, ಅಂದರೆ ಕೊಂಬೆಯ ಚಿಗುರು ಮೊಗ್ಗು, ಕೂರಿಸಿ ಕಸಿ ಮಾಡುತ್ತಾರೆ. ಉಮ್ರಾನ್, ಗೋಲಾ, ಆ್ಯಪಲ್ ಬೇರ್ ತಳಿಗಳೆಲ್ಲಕ್ಕೂ ಇದೇ ದಾರಿ. ಕೆಳಗೆ ಕಾಡು, ಮೇಲೆ ನಾಡು. ಮೇಲಿನ ಕಣ್ಣು ಸತ್ತರೂ ಸಸಿ ಸಾಯುವುದಿಲ್ಲ. ಕಾಡು ಎಲಚಿಯಾಗಿ ಹುಲುಸಾಗೇ ಬೆಳೆಯುತ್ತದೆ. ಮೋಸಕ್ಕೆ ಜಾಗ ಸಿಗುವುದೇ ಅಲ್ಲಿ.

ಬಂದವರು ಮೊಬೈಲಿನಲ್ಲಿ ಸೇಬಿನಷ್ಟು ದಪ್ಪದ ಹಸಿರು ಹಣ್ಣಿನ ಫೋಟೋ ತೋರಿಸಿದರು. "ಯಜಮಾನ್ರೇ, ಎಲ್ಲಾ ಕಸಿ ಸಸಿ. ಹಣ್ಣು ಬಂದಾಗ ಒಂದು ಫೋನ್ ಮಾಡಿ, ನಾವೇ ಬಂದು ತಗೊಂಡು ಹೋಗ್ತೀವಿ" ಅಂದರು. ಅಪ್ಪ ಬಿಲ್ ಕೇಳಿದರು. ಬಿಲ್ ಬುಕ್ ಮುಗಿದಿದೆ, ವಾಟ್ಸಾಪ್‌ಗೆ ಹಾಕ್ತೀವಿ ಅಂದರು. ಬಿಲ್ಲೂ ಬರಲಿಲ್ಲ, ಹಣ್ಣಿನ ಕಾಲಕ್ಕೆ ಆ ನಂಬರೂ ಸ್ವಿಚ್ ಆಫ್.

ಮೊದಲು ಅನುಮಾನ ಬಂದಿದ್ದು ಕಳೆ ತೆಗೆಯುವಾಗ. ಕೊಂಬೆ ತಗುಲಿದರೆ ಬಟ್ಟೆ ಬಿಡುತ್ತಿರಲಿಲ್ಲ. ಗಿಣ್ಣು ಗಿಣ್ಣಿಗೂ ಜೋಡಿ ಮುಳ್ಳು, ಒಂದು ನೆಟ್ಟಗೆ, ಒಂದು ಕೊಕ್ಕೆ. ಎಲೆ ಚಿಕ್ಕದು. ಅದೇ ಸಾಲಿನಲ್ಲಿ ಸರಿಯಾಗಿ ಬಂದ ಗಿಡದ ಎಲೆ ಅಗಲ, ಮುಳ್ಳು ತೀರಾ ಕಡಿಮೆ. ಹೂವು ನೋಡಿ ಹೇಳೋಣ ಅಂದರೆ ಆಗದ ಮಾತು, ಎರಡರಲ್ಲೂ ಎಲೆ ಕಂಕುಳಲ್ಲಿ ಅದೇ ಹಸಿರು ಮಿಶ್ರಿತ ಹಳದಿ ಪುಟ್ಟ ಹೂವು. ಕೊನೆಗೆ ಬುಡದ ಮಣ್ಣು ಕೆದಕಿದೆವು. ಕೆಲವಕ್ಕೆ ಕಣ್ಣು ಕೂರಿಸಿದ ಜಾಗದ ಕಸಿ ಗಂಟೇ ಇಲ್ಲ. ಕೆಲವಕ್ಕೆ ಪ್ಲಾಸ್ಟಿಕ್ ಪಟ್ಟಿ ಇನ್ನೂ ಬಿಗಿದುಕೊಂಡೇ ಇತ್ತು. ಬಿಚ್ಚಿದರೆ ಒಳಗಿನ ಕಣ್ಣು ಕಪ್ಪಗೆ ಒಣಗಿತ್ತು, ಅದರ ಕೆಳಗಿಂದ ಬಂದ ಚಿಗುರೇ ಗಿಡವಾಗಿತ್ತು. ಕಣ್ಣು ಕೂತಿದೆಯಾ ಇಲ್ಲವಾ ಅಂತ ನರ್ಸರಿಯಲ್ಲಿ ಯಾರೂ ನೋಡಿಯೇ ಇಲ್ಲ.

ಹಾಗಾಗಿ ಪ್ಯಾಕೆಟ್ ಕೈಗೆತ್ತಿಕೊಂಡು ಬುಡ ನೋಡಿ. ಗಂಟು ಮಣ್ಣಿನ ಮೇಲೆ ಕಾಣಬೇಕು. ಚಿಗುರು ಗಂಟಿನ ಮೇಲಿಂದಲೇ ಬಂದಿರಬೇಕು. ಎತ್ತರದ ಸಸಿ ಅಂತ ಮರುಳಾಗಬೇಡಿ, ಕಾಡು ಚಿಗುರು ಏರುವುದೇ ಜೋರು. ಬೇರು ಕಿತ್ತು ಕಟ್ಟು ಕಟ್ಟಿ ತಂದಿದ್ದರೆ ಬೇಡವೇ ಬೇಡ. ತಾಯಿಬೇರು ಮುರಿದ ಎಲಚಿ ಚೇತರಿಸಿಕೊಳ್ಳುವುದು ಕಷ್ಟ. ನೆಡುವಾಗ ಗಂಟನ್ನು ಹೂಳಬಾರದು, ಆಮೇಲೂ ಅದರ ಕೆಳಗೆ ಒಡೆಯುವ ಚಿಗುರನ್ನು ಮುರಿಯುತ್ತಲೇ ಇರಬೇಕು.

"ಹುಳ ಬರಲ್ಲ, ಔಷಧಿ ಬೇಡ" ಅಂದಿದ್ದು ಇನ್ನೊಂದು ಸುಳ್ಳು. ಹಣ್ಣಿನ ನೊಣ ಎಲಚಿಯ ದೊಡ್ಡ ಶತ್ರು. ಕಾಯಿ ಎಳೆಯದಾಗಿದ್ದಾಗಲೇ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ, ಹುಳ ತಿರುಳು ತಿಂದು ಮಣ್ಣಿಗೆ ಇಳಿದು ಕೋಶವಾಗುತ್ತದೆ. ಉದುರಿದ ಹಣ್ಣು ಆರಿಸಿ ನಾಶ ಮಾಡಬೇಕು, ಬೇಸಿಗೆಯಲ್ಲಿ ಬುಡದ ಮಣ್ಣು ತಿರುವಿ ಬಿಸಿಲಿಗೆ ಒಡ್ಡಬೇಕು. ಬೂದಿ ರೋಗವೂ ಇದೆ. ಹೂವು ಬರುವುದು ಹೊಸ ಕೊಂಬೆಯಲ್ಲಿ, ಹಾಗಾಗಿ ವರ್ಷ ವರ್ಷ ಗಿಡವನ್ನು ಚೆನ್ನಾಗಿ ಸವರಬೇಕು. ಆ ಕೂಲಿ ಖರ್ಚಿನ ಬಗ್ಗೆ ಮಾರುವವರು ತುಟಿ ಬಿಚ್ಚಲಿಲ್ಲ.

ನಮ್ಮ ಹಾಗೆ ಈಗಾಗಲೇ ಸಿಕ್ಕಿಹಾಕಿಕೊಂಡವರು ಸಿಟ್ಟಿಗೆ ಗಿಡ ಕಿತ್ತು ಎಸೆಯಬೇಡಿ. ಬೇರು ಚಿನ್ನದಂಥದ್ದು. ಬೇಸಿಗೆಯಲ್ಲಿ ಮೊಣಕಾಲೆತ್ತರಕ್ಕೆ ಕತ್ತರಿಸಿ, ಬಂದ ಚಿಗುರಿನಲ್ಲಿ ಒಂದೆರಡು ಗಟ್ಟಿಯಾದದ್ದನ್ನು ಉಳಿಸಿಕೊಂಡು, ಜೂನ್–ಜುಲೈನಲ್ಲಿ ಒಳ್ಳೆ ಗಿಡದ ಕಣ್ಣು ಕಸಿ ಮಾಡಬಹುದು. ನಾವು ಸರಿಯಾಗಿ ಬಂದ ಗಿಡಗಳಿಂದಲೇ ಕಣ್ಣು ತೆಗೆಯುತ್ತಿದ್ದೇವೆ. ಕಸಿ ಗೊತ್ತಿಲ್ಲದವರು ತುಮಕೂರಿನ ಹಿರೇಹಳ್ಳಿ ಕೃಷಿ ವಿಜ್ಞಾನ ಕೇಂದ್ರದಲ್ಲೋ ತೋಟಗಾರಿಕೆ ಇಲಾಖೆಯಲ್ಲೋ ವಿಚಾರಿಸಿ. ಆದರೂ ಹೋದ ವರ್ಷಗಳು ಹೋದವೇ.

ಬಿಲ್ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಬೀಜ ಕೊಂಡ ರೈತನೂ ಗ್ರಾಹಕನೇ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಸಸಿಯ ವಿಷಯಕ್ಕೂ ಗ್ರಾಹಕರ ಆಯೋಗಕ್ಕೆ ಹೋಗಬೇಕೆಂದರೆ ಕೈಯಲ್ಲಿ ಕಾಗದ ಬೇಕಲ್ಲ? ಅದರಲ್ಲಿ ಬರೀ "ಸಸಿ" ಅಂತ ಬರೆಸಿಕೊಂಡರೂ ಸಾಲದು. ತಳಿಯ ಹೆಸರು, "ಕಸಿ ಸಸಿ" ಅನ್ನುವ ಮಾತು, ನರ್ಸರಿಯ ವಿಳಾಸ ಇರಲೇಬೇಕು. ಬರೆದುಕೊಡಲ್ಲ ಅಂದರೆ ಗಾಡಿಯಿಂದ ಒಂದು ಸಸಿಯನ್ನೂ ಇಳಿಸಿಕೊಳ್ಳಬೇಡಿ.