ಸ್ಮಾರ್ಟ್ ಬೋರ್ಡಿಗೆ ಎಸೆಯಲು ಯಾವುದು: ಸ್ಪಂಜ್ ಚೆಂಡೋ, ಕಾಳಿನ ಚೀಲವೋ, ರಬ್ಬರ್ ಎಳೆಗಳ ಚೆಂಡೋ?

ಮೊದಲೇ ಹೇಳಿಬಿಡುತ್ತೇನೆ, ಸಾದಾ ಸ್ಪಂಜ್ ಚೆಂಡು ತೆಗೆದುಕೊಳ್ಳಿ. ನಮ್ಮ ವಿರಾಜಪೇಟೆ ಕಡೆ ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಹಾಕಿ ಸ್ಟಿಕ್ಕುಗಳು ಮೂಲೆ ಸೇರುತ್ತವೆ. ಆಗ ತರಗತಿಯೊಳಗೇ ಮೈ ಕೈ ಆಡಿಸುವ ಪಾಠ ಬೇಕು. ಮುಟ್ಟಿದರೆ ಕೆಲಸ ಮಾಡುವ ಸ್ಮಾರ್ಟ್ ಬೋರ್ಡಿನ ಮೇಲೆ ಕೊಡಗಿನ ನಕ್ಷೆ ಹಾಕಿ ‘ಹಾರಂಗಿ ನದಿ ಎಲ್ಲಿ?’ ಎಂದು ಕೇಳುತ್ತೇನೆ. ಸರಿಯುತ್ತರದ ಚೌಕಕ್ಕೆ ಗುರಿಯಿಟ್ಟು ಎಸೆಯಬೇಕು. ಯಾವತ್ತೂ ಬಾಯಿ ಬಿಡದ ಮಕ್ಕಳೂ ಸಾಲಿಗೆ ಬಂದು ನಿಲ್ಲುತ್ತಾರೆ.

ಕಾಳಿನ ಚೀಲವನ್ನು ಟೈಲರ್ ಹತ್ತಿರ ಹೊಲಿಸಿ ಹೆಸರುಕಾಳು ತುಂಬಿಸಿದ್ದೆ. ಗುರಿ ತಪ್ಪುವುದು ಕಡಿಮೆ, ಅದು ನಿಜ. ತೊಂದರೆ ಶುರುವಾಗುವುದು ಬೋರ್ಡಿಗೆ ತಾಗಿದ ಮೇಲೆ. ನಮ್ಮದು ಇನ್ಫ್ರಾರೆಡ್ ಬೋರ್ಡ್. ಅದರ ಫ್ರೇಮಿನ ಒಂದು ಅಂಚಿನಿಂದ ಇನ್ನೊಂದಕ್ಕೆ ಕಣ್ಣಿಗೆ ಕಾಣದ ಬೆಳಕು ಹಾಯುತ್ತಿರುತ್ತದೆ. ಬೆರಳಾಗಲಿ ಚೆಂಡಾಗಲಿ, ಅದಕ್ಕೆ ಅಡ್ಡ ಬಂದದ್ದನ್ನೆಲ್ಲ ಬೋರ್ಡ್ ಮುಟ್ಟಿದ ಲೆಕ್ಕಕ್ಕೆ ಹಾಕಿಕೊಳ್ಳುತ್ತದೆ. ಚೀಲ ಪುಟಿಯುವುದಿಲ್ಲ, ತಾಗಿ ಹಾಗೇ ಕೆಳಗೆ ಜಾರುತ್ತದೆ. ಜಾರುವಾಗ ಹಾರಂಗಿ ಎಂದು ಬರೆದ ಚೌಕವನ್ನೂ ಎಳೆದುಕೊಂಡು ಹೋಗಿ ಲಕ್ಷ್ಮಣತೀರ್ಥದ ಮೇಲೆ ಕೂರಿಸಿತು!

ಚೌಕಗಳನ್ನು ಲಾಕ್ ಮಾಡಿದರೆ ಆ ಎಳೆದಾಟ ನಿಲ್ಲುತ್ತದೆ. ಆದರೆ ಚೀಲ ಕೆಳಗಿನ ಪಟ್ಟಿಯ ಮೇಲೆ ಸಿಕ್ಕಿಕೊಂಡರೆ ಮದ್ದಿಲ್ಲ. ಯಾರೋ ಬೆರಳು ಒತ್ತಿ ಹಿಡಿದಿದ್ದಾರೆ ಅಂತಲೇ ಬೋರ್ಡ್ ತಿಳಿಯುತ್ತದೆ. ರೈಟ್ ಕ್ಲಿಕ್ ಮೆನು ತೆರೆದುಕೊಂಡು, ಮುಂದಿನ ಮಗುವಿನ ಎಸೆತ ಲೆಕ್ಕಕ್ಕೇ ಬರುವುದಿಲ್ಲ. ‘ಮಿಸ್, ನಾನು ಸರಿಯಾಗೇ ಹೊಡೆದೆ’ ಎಂದು ಆ ಮಗು ಅಳುಮುಖ ಮಾಡಿಕೊಂಡು ನಿಲ್ಲುತ್ತದೆ. ಸರಿಯಾಗಿ ಹೊಡೆದ ಮಗುವಿಗೆ ಅಂಕ ಸಿಗದಿದ್ದರೆ ಹೇಗೆ ಅಲ್ವಾ? ಸಾಲದ್ದಕ್ಕೆ ಮಳೆಗಾಲದ ಥಂಡಿಗೆ ಒಳಗಿನ ಕಾಳು ಬೂಷ್ಟು ಹಿಡಿದು, ಚೀಲ ಮುಗ್ಗಲು ವಾಸನೆ ಬರತೊಡಗಿತು.

ಮೈತುಂಬ ದಾರದಂಥ ರಬ್ಬರ್ ಎಳೆಗಳಿರುವ ಚೆಂಡನ್ನು ಆನ್‌ಲೈನಿನಲ್ಲಿ ತರಿಸಿದೆ. ಹಿಡಿಯಲು ಇದರಷ್ಟು ಸುಲಭದ್ದು ಇನ್ನೊಂದಿಲ್ಲ. ಆದರೆ ಎಳೆಗಳು ಹರಡಿಕೊಂಡು ಒಮ್ಮೆಗೇ ಎರಡು ಕಡೆ ಮುಟ್ಟಿದಂತಾಗಿ, ಪುಟ ಇದ್ದಕ್ಕಿದ್ದಂತೆ ದೊಡ್ಡದಾಗುತ್ತದೆ. ಬೆಲೆಯೂ ಜಾಸ್ತಿ.

ಸ್ಪಂಜ್ ಚೆಂಡು ತಾಗಿದ ಕೂಡಲೇ ಹಿಂದಕ್ಕೆ ಪುಟಿಯುತ್ತದೆ, ಬೋರ್ಡಿಗೆ ಸಿಗುವುದು ಒಂದೇ ಕ್ಲಿಕ್. ಉತ್ತರದ ಚೌಕ ಚೆಂಡಿನ ಎರಡರಷ್ಟಾದರೂ ಅಗಲ ಇರಲಿ. ಒದ್ದೆ ಜಗಲಿಗೆ ಬಿದ್ದರೆ ಮಾತ್ರ ನೀರು ಹೀರಿಕೊಳ್ಳುತ್ತದೆ. ಹಿಂಡಿ ಒಣಗಿಸಿಯೇ ಮತ್ತೆ ಕೊಡಬೇಕು.

ನಿಮ್ಮ ಬೋರ್ಡ್ ಒತ್ತಿದರಷ್ಟೇ ಕೆಲಸ ಮಾಡುವಂಥದ್ದಾದರೆ ಹಗುರ ಸ್ಪಂಜ್ ಸಾಲದೇ ಹೋಗಬಹುದು, ಅಲ್ಲಿ ಚೀಲವೇ ವಾಸಿ. ತನ್ನದೇ ಪೆನ್ನಿಗೆ ಮಾತ್ರ ಓಗೊಡುವ ಬೋರ್ಡಾದರೆ ಸುಮ್ನೆ ದುಡ್ಡು ಹಾಕಬೇಡಿ, ಯಾವುದನ್ನು ಎಸೆದರೂ ಅದು ಕೇಳುವುದಿಲ್ಲ.

ನನ್ನ ತರಗತಿಯಲ್ಲಿ ಎಲ್ಲರಿಗೂ ಸರದಿ ಬರಲೇಬೇಕು, ಖರ್ಚು ನನ್ನ ಕೈಯಿಂದಲೇ. ಹಾಗಾಗಿ ಗೋಣಿಕೊಪ್ಪದ ಅಂಗಡಿಯಲ್ಲಿ ಸಿಗುವ 40 ರೂಪಾಯಿಯ ಸ್ಪಂಜ್ ಚೆಂಡನ್ನೇ ಎರಡೆರಡು ತಂದಿಡುತ್ತೇನೆ. ಒಂದು ಬೆಂಚಿನಡಿ ಉರುಳಿಹೋದರೂ ಇನ್ನೊಂದರಲ್ಲಿ ಆಟ ಮುಂದುವರಿಯುತ್ತದೆ.