ಬಳ್ಳಾರಿಯಲ್ಲಿ ‘7 ಬ್ಯಾಂಡ್ ಗ್ಯಾರಂಟಿ’ ಅಂತ ದುಡ್ಡು ಕಟ್ಟೋ ಮುಂಚೆ ಇದನ್ನ ಓದ್ರಿ

ಐಇಎಲ್‌ಟಿಎಸ್ ಅಕಾಡೆಮಿಕ್‌ಗೆ (ವಿದೇಶದಲ್ಲಿ ಓದೋಕೆ ಹೋಗೋರು ಬರೆಯೋ ಇಂಗ್ಲಿಷ್ ಪರೀಕ್ಷೆ, ಅದರಲ್ಲಿ ಬರೋ ಅಂಕಕ್ಕೇ ಬ್ಯಾಂಡ್ ಅನ್ನೋದು) ಕೋಚಿಂಗ್ ಹುಡುಕ್ತಾ ಇರೋ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ಕಡೆಯವರು ದಯವಿಟ್ಟು ಪೂರ್ತಿ ಓದ್ರಿ. ಸೆಂಟರ್ ಹೆಸರು ಹಾಕ್ತಾ ಇಲ್ಲ. ದೂರು ಕೊಟ್ಟಿದ್ದೀವಿ, ಅದು ಇತ್ಯರ್ಥ ಆಗೋವರೆಗೂ ಹಾಕಲ್ಲ. ಬೋರ್ಡ್ ಮೇಲೆ ವಿಮಾನದ ಚಿತ್ರ ಇದೆ ಅಂತ ಮಾತ್ರ ಹೇಳ್ತೀನಿ. ವಿಮಾನ ಇಲ್ಲದ ಬೋರ್ಡ್ ಯಾವುದಿದೆ ಅಂತೀರಾ? ಅದೂ ಖರೆ.

ಹೋದವನು ನಮ್ಮ ಅಕ್ಕನ ಮಗ. ಬೇಕಾಗಿದ್ದದ್ದು ಒಟ್ಟು 6.5, ಯಾವುದರಲ್ಲೂ 6ಕ್ಕೆ ಕಡಿಮೆ ಇರಬಾರದು. ಫೀ 18,000 ರೂಪಾಯಿ, ಪೂರ್ತಿ ಮುಂಗಡ. ಬಂದದ್ದು ಲಿಸನಿಂಗ್ 6, ರೀಡಿಂಗ್ 6.5, ರೈಟಿಂಗ್ 5.5, ಸ್ಪೀಕಿಂಗ್ 6. ಒಟ್ಟು 6.0. ಆದ್ರೆ ಸೆಂಟರ್‌ನವರ ಮಾಕ್ ಟೆಸ್ಟ್‌ಗಳಲ್ಲಿ ರೈಟಿಂಗ್ ಯಾವತ್ತೂ 7ಕ್ಕಿಂತ ಕೆಳಗೆ ಇಳಿದಿರಲೇ ಇಲ್ಲ! ಪರೀಕ್ಷೆಯಲ್ಲಿ ಒಂದೂವರೆ ಬ್ಯಾಂಡ್ ಎಲ್ಲಿಗೆ ಹೋಯ್ತು?

ಮೊದಲು ಲಿಸನಿಂಗ್. 4 ಭಾಗ, 40 ಪ್ರಶ್ನೆ, ಸುಮಾರು 30 ನಿಮಿಷ, ಆಡಿಯೋ ಕೇಳಿಸೋದು ಒಂದೇ ಸಲ. ಒಂದೇ ಸಲ! ಇವರು ಏನ್ ಮಾಡ್ತಿದ್ರು ಗೊತ್ತಾ? ಬ್ಲೂಟೂತ್ ಸ್ಪೀಕರ್‌ನಲ್ಲಿ ಹಾಕೋದು, ಮಧ್ಯ ಮಧ್ಯ ನಿಲ್ಲಿಸೋದು, ‘ಕೇಳಿಸ್ತಾ? ಇನ್ನೊಂದ್ ಸಲ ಹಾಕ್ಲಾ?’ ಅಂತ ಕೇಳಿ ಮತ್ತೆ ಹಾಕೋದು. ಹಂಗೆ ಕೇಳಿದ್ರೆ ಯಾರಿಗಾದ್ರೂ 34, 35 ಸರಿ ಬರುತ್ತೆ. 30 ಸರಿ ಆದ್ರೆ ಹೆಚ್ಚುಕಡಿಮೆ 7 ಬ್ಯಾಂಡ್, 23 ಆದ್ರೆ 6. ಆ ಏಳು ಉತ್ತರದ ವ್ಯತ್ಯಾಸ ಇರೋದೇ ಎರಡನೇ ಸಲ ಕೇಳೋದ್ರಲ್ಲಿ.

ಇನ್ನೊಂದು. ಹುಡುಗ ಬುಕ್ ಮಾಡಿದ್ದು ಕಂಪ್ಯೂಟರ್ ಪರೀಕ್ಷೆ. ಬುಕ್ ಮಾಡಿಕೊಟ್ಟವರು ಅವರೇ. ಅಭ್ಯಾಸ ಮಾಡಿಸಿದ್ದು ಮಾತ್ರ ಪೂರ್ತಿ ಪೇಪರ್ ಮೇಲೆ. ಪೇಪರ್ ಪರೀಕ್ಷೆ ಇರೋ ಕಡೆ ಆಡಿಯೋ ಮುಗಿದ ಮೇಲೆ ಉತ್ತರ ಎತ್ತಿ ಬರೆಯೋಕೆ 10 ನಿಮಿಷ ಕೊಡ್ತಾರೆ. ಕಂಪ್ಯೂಟರ್‌ನಲ್ಲಿ ಅದಿಲ್ಲ, ತಿದ್ದಿ ನೋಡೋಕೆ 2 ನಿಮಿಷ ಅಷ್ಟೇ. ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾ ಕೇಳ್ತಾನೇ ಟೈಪ್ ಮಾಡಬೇಕು. ‘ಆಮೇಲೆ ಸ್ಪೆಲ್ಲಿಂಗ್ ನೋಡ್ಕೊಳ್ಳೋಣ’ ಅಂತ ಅರ್ಧಂಬರ್ಧ ಬರೆದಿಟ್ಟು ರೂಢಿ ಆದವನು ಅಲ್ಲಿ ಕೈ ಚೆಲ್ಲಿ ಕೂರ್ತಾನೆ. ಅಕಾಮಡೇಶನ್‌ಗೆ ಎರಡು ಸಿ, ಎರಡು ಎಂ. ಒಂದು ಬಿಟ್ರೂ ಸೊನ್ನೆ. ಬಹುವಚನದ ಎಸ್ ಬಿಟ್ರೂ ಅಷ್ಟೇ. ‘ಎರಡು ಪದ ಮೀರಬಾರದು’ ಅಂತ ಸೂಚನೆ ಇದ್ದಾಗ ಮೂರು ಪದ ಬರೆದ್ರೆ ಉತ್ತರ ಸರಿ ಇದ್ದರೂ ಅಂಕ ಇಲ್ಲ.

ಅಲ್ಲಿ ಹೇಳಿಕೊಡದೇ ಬಿಟ್ಟದ್ದು ಏನೇನು ಅಂತ ಬರೀತೀನಿ, ಮನೆಯಲ್ಲೇ ಮಾಡ್ಕೊಳ್ಳೋರಿಗೆ ಉಪಯೋಗ ಆಗ್ಲಿ. ಮೊದಲ ಭಾಗದಲ್ಲಿ ಮಾತಾಡೋರು ಬೇಕಂತಲೇ ಒಂದು ಹೇಳಿ ತಿದ್ದಿಕೊಳ್ತಾರೆ. ಶನಿವಾರ ಅಂತಾರೆ, ಆಮೇಲೆ ಅಲ್ಲ ಶುಕ್ರವಾರ ಅಂತಾರೆ. ಮೊದಲು ಕೇಳಿದ್ದನ್ನೇ ಬರೆದವರು ಸಿಕ್ಕಿಬೀಳ್ತಾರೆ. ಫೋನ್ ನಂಬರಲ್ಲಿ ಸೊನ್ನೆಗೆ ‘ಓ’ ಅಂತಾರೆ, 77ಕ್ಕೆ ‘ಡಬಲ್ ಸೆವೆನ್’ ಅಂತಾರೆ. ಹೆಸರಿನ ಅಕ್ಷರ ಬಿಡಿಬಿಡಿಯಾಗಿ ಹೇಳುವಾಗ ‘ಎ’, ‘ಇ’, ‘ಐ’ ಗೊಂದಲ, ‘ಜಿ’ ‘ಜೆ’ ಗೊಂದಲ. ಥರ್ಟೀನ್, ಥರ್ಟಿ ಬೇರೆ. ಎರಡನೇ ಭಾಗದಲ್ಲಿ ನಕ್ಷೆ ಬಂದ್ರೆ ಆಡಿಯೋ ಶುರುವಾಗೋ ಮೊದಲೇ ಬಾಗಿಲು ಎಲ್ಲಿದೆ, ಉತ್ತರ ದಿಕ್ಕು ಯಾವ ಕಡೆ ಅಂತ ಬೆರಳಿಟ್ಟು ನೋಡ್ಕೋಬೇಕು. ನಾಲ್ಕನೇ ಭಾಗ ಉಪನ್ಯಾಸ. ಬೇರೆ ಭಾಗಗಳಲ್ಲಿ ಮಧ್ಯೆ ಸ್ವಲ್ಪ ಬಿಡುವು ಕೊಡ್ತಾರೆ, ಇಲ್ಲಿ ಅದೂ ಇಲ್ಲ. ಹತ್ತೂ ಪ್ರಶ್ನೆ ಒಂದೇ ಓಟ. ಒಂದು ತಪ್ಪಿತು ಅಂತ ಅಲ್ಲೇ ಕೂತ್ರೆ ಮುಂದಿನ ಮೂರೂ ಹೋಗುತ್ತೆ. ಅಭ್ಯಾಸ ಮಾಡೋ ರೀತಿ ಇಷ್ಟೇ: ನಿಲ್ಲಿಸದೆ ಒಂದೇ ಸಲ ಕೇಳಿ ಉತ್ತರ ಬರೀರಿ, ಅಂಕ ಹಾಕ್ಕೊಳ್ರಿ. ಆಮೇಲೆ ಮಾತ್ರ ಆಡಿಯೋದ ಬರಹ ಕಣ್ಣೆದುರಿಗಿಟ್ಟುಕೊಂಡು ಮತ್ತೆ ಕೇಳಿ, ತಪ್ಪಾದ ಒಂದೊಂದರ ಪಕ್ಕ ಕಾರಣ ಬರೀರಿ. ಕಿವಿಗೇ ಬೀಳಲಿಲ್ವಾ, ಸ್ಪೆಲ್ಲಿಂಗಾ, ತಿದ್ದಿ ಹೇಳಿದ್ದಕ್ಕೆ ಮೋಸ ಹೋದದ್ದಾ. ಎರಡನೇ ಸಲ ಕೇಳೋ ಜಾಗ ಅದೊಂದೇ.

ಈಗ ರೈಟಿಂಗ್. ನನಗೆ ಮೈ ಉರಿಯೋದು ಇಲ್ಲೇ.

60 ನಿಮಿಷ, ಎರಡು ಟಾಸ್ಕ್. ಮೊದಲನೆಯದು ಗ್ರಾಫ್, ಟೇಬಲ್, ನಕ್ಷೆ ಅಥವಾ ಪ್ರಕ್ರಿಯೆ, ಕನಿಷ್ಠ 150 ಪದ. ಎರಡನೆಯದು ಪ್ರಬಂಧ, ಕನಿಷ್ಠ 250 ಪದ, ಅಂಕದ ತೂಕ ಮೊದಲನೆಯದರ ಎರಡರಷ್ಟು. ಅದಕ್ಕೇ 20 ನಿಮಿಷ, 40 ನಿಮಿಷ ಅಂತ ಹಂಚ್ಕೋಬೇಕು. ಇವರು ಕೊಟ್ಟದ್ದು ಒಂದು ಜೆರಾಕ್ಸ್ ಹಾಳೆ. ಅದರಲ್ಲಿ ಯಾವ ವಿಷಯಕ್ಕೂ ಹೊಂದೋ ಪೀಠಿಕೆ, ಯಾವ ವಿಷಯಕ್ಕೂ ಹೊಂದೋ ಮುಕ್ತಾಯ, ನಡುವೆ ಖಾಲಿ ಗೆರೆ. ‘ಇದನ್ನ ಬಾಯಿಪಾಠ ಮಾಡು, ಖಾಲಿ ಜಾಗದಲ್ಲಿ ಟಾಪಿಕ್ ತುಂಬು.’ ಪರೀಕ್ಷಕರು ಇಂಥವನ್ನ ದಿನಾ ನೋಡೋರು. ಬಾಯಿಪಾಠದ ವಾಕ್ಯ ಗೊತ್ತಾಗಿಬಿಡುತ್ತೆ, ಅದಕ್ಕೆ ಬೆಲೆ ಇಲ್ಲ. ಪ್ರಶ್ನೆಯಿಂದಲೇ ಎತ್ತಿ ಬರೆದ ಪದಗಳನ್ನೂ ಲೆಕ್ಕಕ್ಕೆ ಹಿಡಿಯಲ್ಲ. ಗ್ರಾಫ್‌ಗೂ ಅದೇ ಹಾಳೆ. ನೀರಿನ ಬಳಕೆಯ ಗ್ರಾಫ್ ಕೊಟ್ರೆ ಕೊನೆಗೆ ‘ಇದಕ್ಕೆ ಜನಸಂಖ್ಯೆ ಕಾರಣ, ಸರ್ಕಾರ ಕ್ರಮ ಕೈಗೊಳ್ಳಬೇಕು’ ಅಂತ ಬರೆಸಿದ್ದಾರೆ! ಗ್ರಾಫ್‌ನಲ್ಲಿ ಇಲ್ಲದ ಕಾರಣ ಬರೆಯೋ ಹಂಗಿಲ್ಲ, ಅಭಿಪ್ರಾಯವಂತೂ ಬೇಡವೇ ಬೇಡ. ಬೇಕಾಗಿರೋದು ಒಟ್ಟಾರೆ ಏನು ಕಾಣ್ತಿದೆ ಅನ್ನೋ ಎರಡು ವಾಕ್ಯ: ಯಾವುದು ಏರಿತು, ಯಾವುದು ಇಳಿಯಿತು, ಯಾವುದು ಎಲ್ಲಕ್ಕಿಂತ ದೊಡ್ಡದು. ಅದನ್ನ ಓವರ್‌ವ್ಯೂ ಅಂತಾರೆ. ಅದು ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ತಿದ್ದೋದು ‘ಆಸ್ಟ್ರೇಲಿಯಾ ಎಕ್ಸ್‌ಪರ್ಟ್’ ಅಂತ ಹೇಳಿದ್ರು. ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದ್ರೆ ಅಂಕ ವಾಪಸ್ ಬರುತ್ತೆ. ಎಲ್ಲಾ ಪ್ರಬಂಧಕ್ಕೂ ಒಂದೇ ಷರಾ: ‘ಗುಡ್. ಯೂಸ್ ಮೋರ್ ಲಿಂಕಿಂಗ್ ವರ್ಡ್ಸ್. 7.’ ರಿಸಲ್ಟ್ ಬಂದ ಮೇಲೆ ನನಗೆ ಅನುಮಾನ ಗಟ್ಟಿ ಆಯ್ತು. ಹುಡುಗನ ಕೈಲಿ ಒಂದು ಪ್ರಬಂಧ ಬರೆಸಿದೆ. ಪ್ರಶ್ನೆ ಮ್ಯೂಸಿಯಂ ಪ್ರವೇಶ ಉಚಿತ ಇರಬೇಕಾ ಅಂತ. ಮೊದಲ ಪ್ಯಾರಾ ಮ್ಯೂಸಿಯಂ ಬಗ್ಗೆ, ಎರಡನೇ ಪ್ಯಾರಾ ಪೂರ್ತಿ ಸಿಟಿ ಬಸ್ಸು, ಟ್ರಾಫಿಕ್ಕು, ಹೊಗೆ. ಸಂಜೆ ಕಳಿಸಿದ್ದು, ಊಟ ಮುಗಿಯೋದ್ರೊಳಗೆ ಉತ್ತರ ಬಂತು. ‘ಗುಡ್ ಕೊಹೆರೆನ್ಸ್. ಯೂಸ್ ಮೋರ್ ಲಿಂಕಿಂಗ್ ವರ್ಡ್ಸ್. 7.’

ಗುಡ್ ಕೊಹೆರೆನ್ಸ್ ಅಂತೆ, ಅಂದ್ರೆ ವಿಚಾರದ ಜೋಡಣೆ ಚೆನ್ನಾಗಿದೆ ಅಂತೆ! ಮ್ಯೂಸಿಯಂನಿಂದ ಬಸ್‌ಸ್ಟ್ಯಾಂಡ್‌ಗೆ ಹೋದ ಪ್ರಬಂಧಕ್ಕೆ! ಅಕ್ಕ ಅಲ್ಲೇ ಕೂತಿದ್ಲು. ಅವಳ ಮುಖ ನೋಡೋಕಾಗಲಿಲ್ಲ ನನಗೆ.

ಮರುದಿನ ಹೋಗಿ ಫೋನ್ ಮುಂದಿಟ್ಟೆ. ಅಲ್ಲಿನವರು ಹೇಳಿದ್ದು: ‘ಸರ್, ಅದು ಮೋಟಿವೇಶನ್ ಬ್ಯಾಂಡ್ ರೀ. ಹುಡುಗ್ರ ಕಾನ್ಫಿಡೆನ್ಸ್ ಹೋಗಬಾರ್ದಂತ ಒಂದು ಜಾಸ್ತೀನೇ ಹಾಕ್ತೀವಿ.’ ಮೋಟಿವೇಶನ್ ಬ್ಯಾಂಡ್! ಹಂಗಾದ್ರೆ ಗ್ಯಾರಂಟಿ ಏನಾಯ್ತು ಅಂದೆ. ‘ಗ್ಯಾರಂಟಿ ಅಂದ್ರೆ ರೊಕ್ಕ ವಾಪಸ್ ಅಂತಲ್ಲ ಸರ್, ಇನ್ನೊಂದು ಬ್ಯಾಚಿಗೆ ಫ್ರೀ ಕೂರಬೋದು.’ ಅದೇ ಬ್ಯಾಚು, ಅದೇ ಸ್ಪೀಕರ್, ಅದೇ ಜೆರಾಕ್ಸ್. ಆಸ್ಟ್ರೇಲಿಯಾ ಎಕ್ಸ್‌ಪರ್ಟ್ ಯಾರು ಅಂತ ಕೇಳಿದ್ರೆ ‘ಅವ್ರು ಈಗ ರಜೆ ಮೇಲೆ ಅದಾರೆ’. ರಸೀದಿ ತೆಗೆದು ನೋಡಿದ್ರೆ ‘ಕೋಚಿಂಗ್’ ಅನ್ನೋ ಮಾತೇ ಇಲ್ಲ. ‘ಕನ್ಸಲ್ಟೆನ್ಸಿ ಸೇವೆ, ಹಣ ಹಿಂತಿರುಗಿಸಲಾಗುವುದಿಲ್ಲ’ ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ.

ಇಷ್ಟಕ್ಕೇ ನಿಲ್ಲಲಿಲ್ಲ. ‘ಫುಲ್ ಪರೀಕ್ಷೆ ಮತ್ತೆ ಬರೆಸ್ರಿ, ಬುಕಿಂಗ್ ನಾವೇ ಮಾಡಿಕೊಡ್ತೀವಿ’ ಅಂದ್ರು. ಕಂಪ್ಯೂಟರ್‌ನಲ್ಲಿ ಬರೆದವರು ಒಂದೇ ವಿಭಾಗ ಮತ್ತೆ ಬರೆಯೋ ಅವಕಾಶ ಇದೆ, ಒನ್ ಸ್ಕಿಲ್ ರೀಟೇಕ್ ಅಂತ. ಮೂಲ ಪರೀಕ್ಷೆಯಾಗಿ 60 ದಿನದೊಳಗೆ, ಒಂದು ಪರೀಕ್ಷೆಗೆ ಒಂದೇ ಸಲ. ಇವನ ಲೆಕ್ಕ ನೋಡ್ರಿ: ರೈಟಿಂಗ್ ಒಂದು 6.5 ಆದ್ರೆ ಒಟ್ಟು ಕೂಡಿ 25, ನಾಲ್ಕರಿಂದ ಭಾಗಿಸಿದ್ರೆ 6.25. ಅದು 6.5ಕ್ಕೆ ಏರುತ್ತೆ. ಬೇಕಾದದ್ದು ಅಷ್ಟೇ! ಎಲ್ಲ ವಿಶ್ವವಿದ್ಯಾಲಯದವರೂ, ಎಲ್ಲ ವೀಸಾದವರೂ ಇದನ್ನ ಒಪ್ತಾರೆ ಅಂತಿಲ್ಲ, ಮೊದಲು ಮೇಲ್ ಮಾಡಿ ಕೇಳ್ಕೋಬೇಕು. ಆದ್ರೆ ಹಿಂಗೊಂದು ದಾರಿ ಇದೆ ಅಂತ ಬಾಯಿ ಬಿಡಲಿಲ್ಲ ಅವರು. ಅಂಕದ ಮೇಲೆ ಅನುಮಾನ ಇದ್ರೆ ಪರೀಕ್ಷೆ ದಿನದಿಂದ 6 ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು, ಅಂಕ ಏರಿದ್ರೆ ಕಟ್ಟಿದ ಫೀ ವಾಪಸ್. ಅದನ್ನೂ ಹೇಳಲಿಲ್ಲ.

ಸೇರೋ ಮುಂಚೆ ಒಂದು ಕ್ಲಾಸಲ್ಲಿ ಕೂತು ನೋಡ್ರಿ. ಆಡಿಯೋ ನಿಲ್ಲಿಸಿದ್ರೆ ಎದ್ದು ಬನ್ನಿ. ತಿದ್ದಿದ ಹಳೇ ಪ್ರಬಂಧ ಒಂದು ತೋರಿಸಿ ಅನ್ನಿ. ರೈಟಿಂಗ್‌ಗೆ ನಾಲ್ಕು ಮಾನದಂಡ, ನಾಲ್ಕಕ್ಕೂ ಸಮ ತೂಕ: ಕೇಳಿದ್ದಕ್ಕೆ ಉತ್ತರ, ವಿಚಾರದ ಜೋಡಣೆ, ಪದಬಳಕೆ, ವ್ಯಾಕರಣ. ನಾಲ್ಕಕ್ಕೂ ಬೇರೆ ಬೇರೆ ಅಂಕ ಹಾಕದೆ ಬರೀ ‘7’ ಅಂತ ಗೀಚಿದ್ದರೆ ಅದು ತಿದ್ದಿದ್ದಲ್ಲ. ಯಾವ ಬ್ಯಾಂಡ್‌ಗೆ ಏನಿರಬೇಕು ಅನ್ನೋ ಪಟ್ಟಿ ಅಧಿಕೃತ ಐಇಎಲ್‌ಟಿಎಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ, ಮಾದರಿ ಪ್ರಶ್ನೆಗಳೂ ಸಿಗ್ತವೆ. ಫೀ ಕಂತಿನಲ್ಲಿ ಕಟ್ಟಿ. ಒಪ್ಪಲ್ಲ ಅಂದ್ರೆ ಬಿಡ್ರಿ.

ಈಗಾಗಲೇ ಸಿಕ್ಕಿಬಿದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ರಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ, 2 ವರ್ಷದೊಳಗೆ ಕೊಡಬೇಕು. ರಸೀದಿ, ‘ಗ್ಯಾರಂಟಿ’ ಅಂತ ಬರೆದ ಪಾಂಪ್ಲೆಟ್ ಅಥವಾ ಬ್ಯಾನರ್ ಫೋಟೊ, ಪೂರ್ತಿ ವಾಟ್ಸಾಪ್ ಚಾಟ್ ಎಲ್ಲಾ ಎತ್ತಿಟ್ಕೊಳ್ರಿ. ಚಾಟ್‌ನ ಇವತ್ತೇ ಎಕ್ಸ್‌ಪೋರ್ಟ್ ಮಾಡ್ರಿ. ನಾವು ಹೋಗಿ ಬಂದ ರಾತ್ರಿಯೇ ಹುಡುಗನ್ನ ಗ್ರೂಪ್‌ನಿಂದ ತೆಗೆದುಹಾಕಿದ್ರು.